ಎಲುಬಿನ ಮೂಗುದಾರ

ನಮ್ಮ ಕಡೆ ಎತ್ತರಕ್ಕೆ ಬಹಳ ಬೆಲೆಯುಂಟು. ಜೋಳ ಆಳೆತ್ತರ ಬೆಳೆದರೆ ಒಕ್ಕಲಿಗನು ಮೀಸೆ ತಿರುವುತ್ತಾನೆ. ಮಗನ ತಲೆ ಬಾಗಿಲ ಚೌಕಟ್ಟಿಗೆ ತಾಗಿದರೆ ತಾಯಿ ದೃಷ್ಟಿ ತೆಗೆಯುತ್ತಾಳೆ. ಎತ್ತರವು ತಾನಾಗಿ ಬರತಕ್ಕದ್ದು, ಬಾರದಿದ್ದರೆ ಯಾರೋ ತಪ್ಪು ಮಾಡಿರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆ ನಂಬಿಕೆಗೆ ಹದಿನಾಲ್ಕು ವರ್ಷ ದಂಡ ತೆತ್ತವಳು ನನ್ನ ಅವ್ವ.

ರಾಜೂರಿನ ನಮ್ಮ ಮನೆಯಲ್ಲಿ ನಾವು ನಾಲ್ವರು ಮಕ್ಕಳು. ಎಲ್ಲರಿಗೂ ಕಿರಿಯನಾದ ತಮ್ಮನು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಾನೆ. ಗಣಿತದಲ್ಲಿ ಅವನು ನನ್ನನ್ನು ಎಂದೋ ಹಿಂದೆ ಹಾಕಿದ್ದಾನೆ. ಆದರೆ ಅವನ ಎತ್ತರ ಆರು ವರ್ಷದ ಹುಡುಗನಷ್ಟು. ಮೈಯೆಲ್ಲ ಎಲ್ಲರಂತೆಯೇ, ತೋಳು, ತೊಡೆ ಮಾತ್ರ ಗಿಡ್ಡ, ಹಣೆ ಅಗಲ. ಅವನು ಹುಟ್ಟಿದಾಗ ಆಯಿ ತೀರ್ಪು ಕೊಟ್ಟುಬಿಟ್ಟಿದ್ದಳು: "ಗ್ರಹಣದಾಗ ಈಳಿಗಿ ಹಿಡಿದ್ಲು, ಅದಕ್ಕ ಕೂಸಿನ ಕೈಕಾಲು ಮೋಟಾದವು." ಓಣಿಯವರು ಇನ್ನೊಂದು ಕಾರಣ ಕಂಡುಹಿಡಿದರು. ಅವ್ವ ಸೋದರತ್ತೆಯ ಮಗನನ್ನು ಮದುವೆಯಾದವಳು. ಒಳಸಂಬಂಧದ ಫಲ ಇದು ಎಂದರು. ಅವ್ವ ಎರಡಕ್ಕೂ ಎದುರುತ್ತರ ಕೊಡಲಿಲ್ಲ. ಇಂದಿಗೂ ಗ್ರಹಣದ ದಿನ ಅವಳು ಅಡಿಗೆಮನೆಯ ಕದ ಹಾಕಿ ಮೂಲೆಯಲ್ಲಿ ಕುಳಿತಿರುತ್ತಾಳೆ.

ಹೋದ ದೀಪಾವಳಿಯ ಮೇಲೆ ನನ್ನನ್ನು ನೋಡಲು ಬೀಗರಾಗಲಿರುವವರು ಬಂದರು. ತಮ್ಮನು ಚಹದ ತಾಟು ಹಿಡಿದು ಬಂದ. ಬಂದವರಲ್ಲಿ ಹಿರಿಯಳೊಬ್ಬಳು ಅವನನ್ನೂ ನನ್ನನ್ನೂ ನೋಡಿ, "ನಾಳೆ ಈಕಿ ಹೊಟ್ಟ್ಯಾಗೂ ಹಂಥಾವೇ ಹುಟ್ಟಿದ್ರ?" ಎಂದಳು. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ತಮ್ಮ ತಾಟನ್ನು ಇಟ್ಟು ಒಳಗೆ ಹೋದ. ಆ ಪ್ರಶ್ನೆ ಕಟುವಾದರೂ ಪ್ರಶ್ನೆಯೇ ತಾನೆ? ಅದಕ್ಕೆ ಉತ್ತರ ಎಲ್ಲಿಯೋ ಇರಲೇಬೇಕೆಂದು ಕಲಾ ವಿಭಾಗದವಳಾದ ನಾನು ಜೀವಶಾಸ್ತ್ರದ ಪುಸ್ತಕಗಳ ಬೆನ್ನು ಹತ್ತಿದೆ.

ನಮ್ಮ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳು ಪದರವಿದೆ. ಅದರ ಜೀವಕೋಶಗಳು ಹೆಚ್ಚುತ್ತ, ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ಸಾಲಾಗಿ ನಿಂತು, ಕೊನೆಗೆ ಎಲುಬಾಗುತ್ತವೆ. ಹೀಗೆ ಎಲುಬು ಉದ್ದವಾಗುತ್ತದೆ. ಈ ಬೆಳವಣಿಗೆಗೆ ಅಂಕೆ ಬೇಡವೆ? ಹುರುಪಿನ ಹೋರಿಗೆ ಮೂಗುದಾರವಿದ್ದಂತೆ ಎಲುಬಿಗೂ ಒಂದಿದೆ. ನಾಲ್ಕನೆಯ ವರ್ಣತಂತುವಿನ ಮೇಲಿರುವ ಎಫ್‌ಜಿಎಫ್‌ಆರ್-3 ಎಂಬ ಜೀನು ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಜೀವಕೋಶದ ಹೊಸ್ತಿಲಲ್ಲಿ ನಿಂತು ಹೊರಗಿನ ಸಂದೇಶವನ್ನು ಹಿಡಿದು, "ಸಾಕು, ನಿಧಾನ" ಎಂದು ಒಳಗೆ ತಿಳಿಸುತ್ತದೆ. ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದಾಗ ಅವುಗಳ ಎಲುಬು ಅಳತೆ ಮೀರಿ ಬೆಳೆದವೆಂದು 1996ರಲ್ಲಿ ಪ್ರಕಟವಾಯಿತು. ತಮ್ಮನಂಥವರಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಮೂಗುದಾರವನ್ನು ಯಾರೋ ಸದಾ ಜಗ್ಗಿಯೇ ಹಿಡಿದಿರುತ್ತಾರೆ. ಇದಕ್ಕೆ ಅಕಾಂಡ್ರೋಪ್ಲೇಸಿಯ ಎಂದು ಹೆಸರು. ಸುಮಾರು 25,000 ಜನನಕ್ಕೆ ಒಂದರಂತೆ ಎಲ್ಲ ದೇಶಗಳಲ್ಲಿಯೂ ಇದು ಕಾಣುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಕಾರಣವನ್ನು 1994ರಲ್ಲಿ ಕ್ಯಾಲಿಫೋರ್ನಿಯದ ಹಾಗೂ ಪ್ಯಾರಿಸ್ಸಿನ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಕೊಂಡರು. ಕನ್ನಡ ಐಚ್ಛಿಕ ವಿಷಯದ ಮಿತ್ರರಿಗೆ ಇದನ್ನು ತಿಳಿಸುವುದು ಸುಲಭ. ಗ್ರಂಥಸಂಪಾದನೆಯಲ್ಲಿ ನಾವು ಲಿಪಿಕಾರನ ಸ್ಖಾಲಿತ್ಯವನ್ನು ಓದುತ್ತೇವಲ್ಲವೆ? ಇದೂ ಅದೇ. ಸುಮಾರು 300 ಕೋಟಿ ಅಕ್ಷರಗಳ ಓಲೆಗರಿಯನ್ನು ನಕಲು ಮಾಡುವಾಗ ಒಂದೇ ಒಂದು ಅಕ್ಷರ ಪಲ್ಲಟವಾಯಿತು. ಅದರಿಂದ ಪ್ರೋಟೀನಿನ 380ನೆಯ ಸ್ಥಾನದಲ್ಲಿ ಗ್ಲೈಸೀನಿನ ಬದಲು ಆರ್ಜಿನೀನ್ ಬಂದು ಕುಳಿತಿತು. ಈ ಸ್ಥಿತಿಯ ಬಹುತೇಕ ಎಲ್ಲರಲ್ಲಿಯೂ ಇದೇ ಪಾಠಾಂತರ.

ಇವರಲ್ಲಿ ನೂರಕ್ಕೆ ಸುಮಾರು 80 ಮಂದಿ ಸಾಮಾನ್ಯ ಎತ್ತರದ ತಂದೆತಾಯಿಗಳಿಗೆ ಹುಟ್ಟಿದವರು. ಸ್ಖಾಲಿತ್ಯ ಅವರಲ್ಲಿಯೇ ಹೊಸದು. ಗ್ರಹಣಕ್ಕೂ ಈಳಿಗೆಗೂ ಇದರಲ್ಲಿ ಪಾತ್ರವಿಲ್ಲ. ಒಳಸಂಬಂಧದಿಂದ ಹೆಚ್ಚುವ ರೋಗಗಳು ಉಂಟು ನಿಜ. ಅವುಗಳಿಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಇಲ್ಲಿ ಒಂದು ಪ್ರತಿಯೇ ಸಾಕು. ಒಂದೇ ಸಾಕಾದ್ದರಿಂದ, ಅದು ನನ್ನಲ್ಲಿದ್ದಿದ್ದರೆ ನಾನೂ ತಮ್ಮನಷ್ಟೇ ಇರುತ್ತಿದ್ದೆ. ಐದೂಕಾಲು ಅಡಿಯ ನನ್ನಲ್ಲಿ ಅದಿಲ್ಲ. ಇಲ್ಲದ್ದನ್ನು ನನ್ನ ಮಕ್ಕಳಿಗೆ ನಾನು ಕೊಡಲಾರೆ. ಆ ಹಿರಿಯಳ ಪ್ರಶ್ನೆಗೆ ಉತ್ತರ ಇಷ್ಟೇ. ತಮ್ಮನ ಮಕ್ಕಳಿಗೆ ಮಾತ್ರ ಎಂಟಾಣೆ ಪಾಲು ಸಂಭವವುಂಟು. ಅದನ್ನು ಅವನಿಂದ ಮುಚ್ಚಿಡಬಾರದು.

ಎಲುಬಿನ ಕಾರಣಕ್ಕೆ ನೊಂದ ಊರುಗಳೇ ನಮ್ಮ ನಾಡಿನಲ್ಲಿವೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ, ಬಡ ಕೂಲಿಕಾರರ ಮನೆಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ನೊಂದು ಸವೆಯುವ ರೋಗ ಬೆಳಕಿಗೆ ಬಂತು. ಕೆಲವರು ಗಿಡ್ಡರಾಗಿಯೂ ಉಳಿದರು. ಗದ್ದೆಯ ಏಡಿ ತಿಂದದ್ದರಿಂದ, ಕೀಟನಾಶಕದಿಂದ ಹೀಗಾಯಿತೆಂಬ ಸಂಶಯ ಮೊದಲು ಹುಟ್ಟಿತು. ಮುಂದೆ ವಂಶಾವಳಿಗಳನ್ನು ಪರಿಶೀಲಿಸಿದವರು ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದೆಂದು ಕಂಡರು. ಅದು ತಮ್ಮನ ಸ್ಥಿತಿಗಿಂತ ಬೇರೆ. ಆದರೆ ಬಡವರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಅವರ ಊಟವನ್ನೂ ನಡತೆಯನ್ನೂ ಹುಡುಕುವುದು ಎಲ್ಲೆಡೆಯೂ ಒಂದೇ.

ಔಷಧವಿಲ್ಲವೆಂದಲ್ಲ. ಮೂಗುದಾರವನ್ನು ತುಸು ಸಡಿಲಿಸುವ ವೊಸೊರಿಟೈಡ್ ಎಂಬ ದಿನನಿತ್ಯದ ಚುಚ್ಚುಮದ್ದಿಗೆ 2021ರಲ್ಲಿ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆಯಿತು. ಎಲುಬಿನ ತುದಿಯ ಪದರ ಮುಚ್ಚುವ ಮೊದಲೇ ಕೊಡಬೇಕು; ಅದರ ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ. ಕೈಗೆಟುಕುವುದು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳಲ್ಲಿ ಕುಬ್ಜತೆಯನ್ನೂ ಸೇರಿಸಿದೆ. ತಮ್ಮನ ಪ್ರಮಾಣಪತ್ರಕ್ಕೆ ಅರ್ಜಿ ಬರೆದವಳು ನಾನೇ.

ಒಮ್ಮೆ ಅವನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ, ಎರಡನೆಯದರಲ್ಲಿ ವಾಮನನು ತ್ರಿವಿಕ್ರಮನಾದ ಶಿಲ್ಪವಿದೆ ಎಂದು ನಾನು ಪಾಠ ಹೇಳುತ್ತಿದ್ದರೆ, ಅವನು ಅಧಿಷ್ಠಾನದ ಮೇಲೆ ಸಾಲಾಗಿ ಕೆತ್ತಿದ ಗಿಡ್ಡ ಗಣಗಳನ್ನು ನೋಡುತ್ತ ನಿಂತಿದ್ದ. "ಅಕ್ಕಾ, ಗುಡಿ ನಿಂತದ್ದು ಇವರ ಮ್ಯಾಲೆ ನೋಡು" ಎಂದ.

ತಿಳಿದದ್ದನ್ನು ಮನೆಯಲ್ಲಿ ಹೇಳಲು ನಾನು ಒಂದು ವಾರ ಹಿಂದುಮುಂದು ನೋಡಿದೆ. ಈ ಹೊಸ ಸ್ಖಾಲಿತ್ಯವು ಬಹುತೇಕ ತಂದೆಯ ಬೀಜದಲ್ಲಿ ಆಗುತ್ತದೆ. ತಂದೆಗೆ ವಯಸ್ಸಾದಷ್ಟೂ ಸಂಭವ ಹೆಚ್ಚು. ತಮ್ಮನು ಹುಟ್ಟಿದಾಗ ಅಪ್ಪನಿಗೆ 43 ವರ್ಷ. ಅವ್ವನ ತಲೆಯ ಹೊರೆಯನ್ನು ಇಳಿಸಿ ಅಪ್ಪನ ತಲೆಗೆ ಹೊರಿಸಿದರೆ ನ್ಯಾಯವಾದೀತೆ? ಆದರೂ ಅರ್ಧ ಸತ್ಯ ಹೇಳಲು ಮನಸ್ಸು ಬರಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಹೇಳಿದೆ. ಬಿತ್ತಿ ಬೆಳೆಯುವ ಅಪ್ಪನಿಗೆ ಅದು ಥಟ್ಟನೆ ಹೊಳೆಯಿತು. "ಅಂದ್ರ ಬೀಜ ನಂದು" ಎಂದು ತಲೆ ತಗ್ಗಿಸಿದ.

"ಬೀಜ ನಿನ್ನದಾದ್ರೂ ಬರದಾಂವ ನೀನಲ್ಲಪ್ಪಾ" ಎಂದೆ.

ಆಯಿ ಒಪ್ಪಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅವ್ವ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಅಂದಳು: "ಹದಿನಾಲ್ಕು ವರ್ಷ ನಾ ಹೊತ್ತೇನಿ. ಎಷ್ಟು ಭಾರ ಐತಿ ಅಂತ ನನಗ ಗೊತ್ತೈತಿ. ಇನ್ನ ಯಾರ ತಲೀ ಮ್ಯಾಲೂ ಹೊರಸೂದು ಬ್ಯಾಡ."