ದುರ್ಗದ ಸೀಮೆಯಲ್ಲಿ ಕೊನೆಯ ಹರದಾರಿ

ಬೆಂಗಳೂರಿನಿಂದ ವಾಯವ್ಯ ದಿಕ್ಕಿಗೆ ಹೊರಟ ಹೆದ್ದಾರಿ ತುಮಕೂರು, ಶಿರಾಗಳನ್ನು ಹಿಂದಕ್ಕೆ ಬಿಟ್ಟು ಹಿರಿಯೂರನ್ನು ಸಮೀಪಿಸುವ ಹೊತ್ತಿಗೆ ನಾಡಿನ ಚಹರೆಯೇ ಬದಲಾಗಿರುತ್ತದೆ. ಮರಗಳು ವಿರಳವಾಗುತ್ತವೆ, ಆಕಾಶ ವಿಶಾಲವಾಗುತ್ತದೆ, ಕೆಂಪು ನೆಲದ ನಡುನಡುವೆ ಎರೆಯ ಹೊಲಗಳು ಕಾಣಿಸಿಕೊಳ್ಳುತ್ತವೆ. ವಾಹನದ ಕಿಟಕಿಯಿಂದ ದೂರದ ಗುಡ್ಡಗಳನ್ನು ನೋಡುವ ಪ್ರಯಾಣಿಕನು ರಸ್ತೆಯ ಅಂಚಿನಲ್ಲೇ ಅಲ್ಲಲ್ಲಿ ನಿಂತಿರುವ ಮೋಟು ಗುರುತುಗಲ್ಲುಗಳನ್ನು ಗಮನಿಸುವುದು ಅಪರೂಪ. ಅವುಗಳ ಬುಡದಲ್ಲಿ, ಆಳೆತ್ತರದ ಮಣ್ಣಿನ ಕೆಳಗೆ, ಕೂದಲೆಳೆಯಂಥ ಗಾಜಿನ ತಂತಿಗಳು ಹಾದುಹೋಗಿವೆ. ಬೆಂಗಳೂರಿನ ಮಾತು, ಲೆಕ್ಕ, ಚಿತ್ರ, ಹಣ ಎಲ್ಲವೂ ಬೆಳಕಿನ ರೂಪದಲ್ಲಿ ಆ ಗಾಜಿನೊಳಗೆ ಕ್ಷಣಮಾತ್ರದಲ್ಲಿ ಉತ್ತರಕ್ಕೆ ಧಾವಿಸುತ್ತವೆ. ಆದರೆ ಹೆದ್ದಾರಿಯನ್ನು ಬಿಟ್ಟು ಒಂದು ಹರದಾರಿ, ಎಂದರೆ ಮೂರು ಮೈಲಿ, ಒಳಗೆ ಹೋದ ಹಳ್ಳಿಯೊಂದರಲ್ಲಿ ಹುಡುಗನೊಬ್ಬನು ಒಂದು ಅರ್ಜಿಯನ್ನು ಕಳುಹಿಸಲು ಮೊಬೈಲನ್ನು ಹಿಡಿದು ಮನೆಯ ಮಾಳಿಗೆ ಹತ್ತಬೇಕಾಗುತ್ತದೆ.

ಸಂದೇಶಗಳಿಗೆ ಈ ಸೀಮೆ ಹೊಸದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಅಶೋಕ ಚಕ್ರವರ್ತಿಯ ಧರ್ಮಲಿಪಿ ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳನ್ನು ತಲುಪಿತ್ತು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಆರಂಭದಲ್ಲಿ ಅವರ ಆರೋಗ್ಯವನ್ನು ವಿಚಾರಿಸುವ ಸೌಜನ್ಯವೂ ಉಂಟು. ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನ ಉಳಿಯೇಟು ಈ ಕಲ್ಲುಗಳ ಮೇಲೆ ಬಿದ್ದಿತೆಂದರೆ ರಾಜ್ಯದ ಮಾತು ಪ್ರಜೆಯ ಊರಿಗೇ ಬಂದು ಮುಟ್ಟಬೇಕೆಂಬ ಸಂಕಲ್ಪ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಇಂದು ರಾಜ್ಯದ ಮಾತು ಬಂಡೆಯ ಮೇಲಿಲ್ಲ, ಪರದೆಯ ಮೇಲಿದೆ. ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬೆಳೆವಿಮೆಯ ನೋಂದಣಿ, ವಿದ್ಯಾರ್ಥಿವೇತನದ ಅರ್ಜಿ, ಪಡಿತರ ಅಂಗಡಿಯ ಬೆರಳಚ್ಚು ಇವೆಲ್ಲಕ್ಕೂ ಇಂಟರ್‌ನೆಟ್ಟೇ ಹೆಬ್ಬಾಗಿಲು.

ಹಿರಿಯೂರು ಹೆದ್ದಾರಿಗಳು ಕೂಡುವ ಊರು. ಪುಣೆಯ ಕಡೆಗೆ ಹೋಗುವ ದಾರಿಯೂ ಬಳ್ಳಾರಿಯ ಕಡೆಗೆ ಹೋಗುವ ದಾರಿಯೂ ಇಲ್ಲಿ ಕವಲೊಡೆಯುತ್ತವೆ. ತೇರುಮಲ್ಲೇಶ್ವರನ ಈ ಪಟ್ಟಣದಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಬೇಕೆಂದವನಿಗೆ ಆಯ್ಕೆಗಳುಂಟು. ಪಟ್ಟಣದ ಅಂಚು ದಾಟಿದೊಡನೆ ಆ ಆಯ್ಕೆಗಳು ಕ್ಷೀಣಿಸುತ್ತವೆ. ಇದರ ಮರ್ಮವನ್ನು ಅರಿಯಬೇಕಾದರೆ ಹೊಸದುರ್ಗದ ದಾರಿ ಹಿಡಿದು ಮಾರಿಕಣಿವೆಗೆ ಹೋಗಬೇಕು.

ಎರಡು ಬೆಟ್ಟಗಳ ನಡುವೆ ವೇದಾವತಿ ನದಿಯನ್ನು ತಡೆದು ಕಟ್ಟಿದ ವಾಣಿವಿಲಾಸ ಸಾಗರ ನೋಡುವವರ ಕಣ್ಣಿಗೆ ಹಬ್ಬ. ೧೮೯೮ರಲ್ಲಿ ಆರಂಭವಾದ ಈ ಕಟ್ಟಡ ೧೯೦೭ರಲ್ಲಿ ಮುಗಿಯಿತು. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ. ೧೯೩೩ರಲ್ಲಿ ಕೋಡಿ ಹರಿದ ಈ ಜಲಾಶಯ ಮತ್ತೆ ತುಂಬಿ ಹರಿಯಲು ೮೯ ವರ್ಷಗಳು ಬೇಕಾದವು. ೨೦೨೨ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಸುತ್ತಲಿನ ಊರುಗಳ ಜನ ಜಾತ್ರೆಗೆ ಬರುವಂತೆ ಬಂದು ಕೈಮುಗಿದರು. ಈ ಕಟ್ಟೆಯ ಮಹಿಮೆ ನೀರನ್ನು ನಿಲ್ಲಿಸಿದುದರಲ್ಲಿ ಮಾತ್ರವಿಲ್ಲ. ಎಡದಂಡೆ, ಬಲದಂಡೆಯ ನಾಲೆಗಳು, ಅವುಗಳಿಂದ ತೂಬುಗಳು, ತೂಬುಗಳಿಂದ ಹೊಲಗಾಲುವೆಗಳು ಹೀಗೆ ಕವಲೊಡೆದು ಹೋದುದರಿಂದಲೇ ತೆಂಗಿನ ಬುಡಕ್ಕೆ ನೀರು ಮುಟ್ಟಿತು. ಹೊಲಗಾಲುವೆ ಇಲ್ಲದಿದ್ದರೆ ಸಾಗರವೆಷ್ಟು ತುಂಬಿದ್ದರೂ ರೈತನಿಗೆ ಅದು ದೂರದ ಹೊಳಪು ಮಾತ್ರ. ಗಾಜಿನ ತಂತಿಯ ಕತೆಯೂ ಹೀಗೆಯೇ. ಹೆದ್ದಾರಿಯ ಪಕ್ಕದಲ್ಲಿ ಸಾಗರವಿದೆ, ಕೊರತೆಯಿರುವುದು ಹೊಲಗಾಲುವೆಗೆ.

ಅಲ್ಲಿಂದ ಮುಂದೆ ಹೊಸದುರ್ಗದ ಸೀಮೆ. ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ತಮ್ಮ ಮೂರು ರೆಕ್ಕೆಗಳನ್ನು ನಿಧಾನವಾಗಿ ಬೀಸುತ್ತಿರುತ್ತವೆ. ರೈಲಿನಲ್ಲಿ ಇಲ್ಲಿಗೆ ಬರುವವರು ‘ಹೊಸದುರ್ಗ ರೋಡ್’ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಹೆಸರಿನಲ್ಲಿರುವ ಆ ‘ರೋಡ್’ ಎಂಬ ಪದದ ಅರ್ಥ ಇಳಿದವನಿಗೆ ಬೇಗ ತಿಳಿಯುತ್ತದೆ. ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಅಲ್ಲಿದೆ. ಊರು ಇನ್ನೂ ಹಲವು ಮೈಲಿ ದೂರ. ಹಳಿಯನ್ನು ಹಾಕಿದವರು ತಮಗೆ ಅನುಕೂಲವಾದ ನೇರದಲ್ಲಿ ಹಾಕಿದರು, ಊರಿನವರು ಗಾಡಿ ಕಟ್ಟಿಕೊಂಡು ಬಂದರು. ಬ್ರಾಡ್‌ಬ್ಯಾಂಡಿನ ವಿಷಯದಲ್ಲಿ ಇಂದಿಗೂ ಅನೇಕ ಹಳ್ಳಿಗಳ ಸ್ಥಿತಿ ‘ರೋಡ್’ ನಿಲ್ದಾಣದ ಸ್ಥಿತಿಯೇ ಆಗಿದೆ.

ಮೊದಲ ಪ್ರಯತ್ನ ತಾಮ್ರದ ತಂತಿಯದು. ೨೦೦೫ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆ ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಪ್ರಾರಂಭಿಸಿದಾಗ ಟೆಲಿಫೋನಿನ ತಂತಿಯಲ್ಲಿಯೇ ಇಂಟರ್‌ನೆಟ್ಟೂ ಬಂದಿತು. ತಾಮ್ರಕ್ಕೆ ಒಂದು ದೋಷವುಂಟು: ಟೆಲಿಫೋನ್ ವಿನಿಮಯ ಕೇಂದ್ರದಿಂದ ದೂರವಾದಷ್ಟೂ ಸಂಕೇತ ಸೊರಗುತ್ತದೆ. ನಾಲ್ಕೈದು ಕಿಲೋಮೀಟರಿನಾಚೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೇಂದ್ರವಿರುವ ದೊಡ್ಡ ಊರಿನವರಿಗೆ ಸೇವೆ ದೊರೆಯಿತು. ತೋಟದ ಮನೆಯವರು ಹೊರಗುಳಿದರು. ದೊರೆತವರಿಗೂ ತಿಂಗಳ ಮಿತಿ ಚಿಕ್ಕದು. ಮಿತಿ ದಾಟಿದರೆ ಒಂದೊಂದು ಮೆಗಾಬೈಟಿಗೂ ಬೇರೆ ಹಣ. ಕೆಲವು ಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಮಿತಿಯಿಲ್ಲದ ಬಳಕೆಗೆ ಅವಕಾಶವಿತ್ತು. ಅಲಾರಂ ಇಟ್ಟುಕೊಂಡು ಅಪರಾತ್ರಿಯಲ್ಲಿ ಏಳುತ್ತಿದ್ದ ಮನೆಮಂದಿಯನ್ನು ಪಟ್ಟಣದ ವಾಚಕರೂ ಮರೆತಿರಲಾರರು. ಪಟ್ಟಣಕ್ಕೆ ಅದು ಮುಗಿದ ನೆನಪು. ಹಳ್ಳಿಗೆ ಆ ಲೆಕ್ಕಾಚಾರ ಬೇರೊಂದು ರೂಪದಲ್ಲಿ ಇನ್ನೂ ಮುಂದುವರಿದಿದೆ.

ಕಂಪನಿಗಳನ್ನು ಮಾತ್ರ ದೂರಿ ಫಲವಿಲ್ಲ. ಇದರ ಹಿಂದೆ ಕಠೋರವಾದ ಒಂದು ಗಣಿತವಿದೆ. ೨೦೧೧ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ೧೯೭ ಜನ ವಾಸಿಸುತ್ತಿದ್ದರು; ಇಡೀ ರಾಜ್ಯದ ಸರಾಸರಿ ೩೧೯; ಬೆಂಗಳೂರು ನಗರ ಜಿಲ್ಲೆಯದು ನಾಲ್ಕು ಸಾವಿರಕ್ಕೂ ಹೆಚ್ಚು. ಜಿಲ್ಲೆಯ ಐವರಲ್ಲಿ ನಾಲ್ವರು ಹಳ್ಳಿಗರು. ಒಂದು ಕಿಲೋಮೀಟರು ತಂತಿ ಎಳೆದರೆ ಬೆಂಗಳೂರಿನ ಬಡಾವಣೆಯಲ್ಲಿ ನೂರಾರು ಮನೆಗಳು ದೊರೆಯುತ್ತವೆ. ಹೊಸದುರ್ಗದ ಬಯಲಿನಲ್ಲಿ ಅಷ್ಟೇ ತಂತಿಗೆ ದೊರೆಯುವುದು ಕೆಲವೇ ಮನೆಗಳು. ಕಂಬಗಳ ಖರ್ಚು, ಹಳ್ಳ ದಾಟಿಸುವ ಖರ್ಚು, ತುಂಡಾದ ತಂತಿಯನ್ನು ಬೆಸೆಯಲು ಪಟ್ಟಣದಿಂದ ಬರುವವನ ಖರ್ಚು ಎಲ್ಲವೂ ಆ ಕೆಲವೇ ಮನೆಗಳ ಮೇಲೆ ಬೀಳುತ್ತದೆ. ಆದುದರಿಂದ ಲಾಭವನ್ನು ನೋಡುವವರು ಹಳ್ಳಿಯ ಅಂಚಿನಲ್ಲಿಯೇ ನಿಲ್ಲುತ್ತಾರೆ.

ಹೊಸದುರ್ಗದಿಂದ ಹೊಳಲ್ಕೆರೆಯ ಕಡೆಗೆ ಸಾಗಿದಂತೆ ಬಯಲಿನ ಬಿಸಿಲು ಕಡಿಮೆಯಾಗಿ ಅಡಿಕೆಯ ತೋಟಗಳ ನೆರಳು ಕಾಣಿಸುತ್ತದೆ. ಬಯಲು ಗಣಪತಿಯ ದೊಡ್ಡ ಮೂರ್ತಿಗೆ ಹೊಳಲ್ಕೆರೆ ಹೆಸರಾಗಿದೆ. ಅನಾಥ ಸೇವಾಶ್ರಮವನ್ನು ಬೆಳೆಸಿದ ರಾಘವೇಂದ್ರ ಸ್ವಾಮಿಗಳ ಮಲ್ಲಾಡಿಹಳ್ಳಿ ಇದೇ ತಾಲ್ಲೂಕಿನದು. ಇಲ್ಲಿನ ತೋಟದ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಊರಿನಿಂದ ಒಂದು ಮೈಲಿ ದೂರ. ಸುತ್ತಲೂ ಅಡಿಕೆ ಮರ. ಯಜಮಾನನಿಗೆ ದಿನವೂ ಅಡಿಕೆಯ ಧಾರಣೆ ತಿಳಿಯಬೇಕು; ಕಾಲೇಜಿನಲ್ಲಿ ಓದುವ ಮಗಳಿಗೆ ಪಾಠದ ವಿಡಿಯೋ ನೋಡಬೇಕು; ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ರಾತ್ರಿ ಕರೆ ಮಾಡಿ ಮೊಮ್ಮಗುವಿನ ಮುಖ ತೋರಿಸಬೇಕು. ಹಿಂದಿನ ತಾಮ್ರದ ತಂತಿ ಎಂದೋ ಹರಿದು ಹೋಗಿದೆ. ಗಾಜಿನ ತಂತಿ ಊರಿನ ವೃತ್ತದವರೆಗೆ ಬಂದಿದ್ದರೂ ಅಲ್ಲಿಂದ ತೋಟಕ್ಕೆ ಎಳೆಯುವ ತಂತಿ, ಕಂಬಗಳ ಖರ್ಚು ಮನೆಯವರ ಮೇಲೆಯೇ ಬರುವುದುಂಟು. ಹಾಕಿಸಿದ ಮೇಲೆ ಬಿರುಗಾಳಿಗೆ ಒಂದು ಮರ ಬಿದ್ದರೆ ದುರಸ್ತಿಗೆ ದಿನಗಟ್ಟಲೆ ಕಾಯಬೇಕು. ಮಾಸಿಕ ಶುಲ್ಕದ ಮೇಲೆ ಶೇಕಡ ೧೮ರ ತೆರಿಗೆ ಮಾತ್ರ ಪಟ್ಟಣದವನಿಗೂ ಇವನಿಗೂ ಸಮಾನ.

ಉಳಿದ ದಾರಿ ಮೊಬೈಲಿನದು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಇಂಟರ್‌ನೆಟ್ಟಿನ ದರ ಬಹಳ ಇಳಿದು ಹಳ್ಳಿಗೂ ಅದು ತಲುಪಿತೆಂಬುದನ್ನು ಮರೆಯುವಂತಿಲ್ಲ. ಆದರೆ ೨೦೨೪ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರವನ್ನು ಏರಿಸಿದವು. ಪಟ್ಟಣದ ಮನೆಯಲ್ಲಿ ಒಂದು ಸಂಪರ್ಕವನ್ನು ಇಡೀ ಸಂಸಾರ ಹಂಚಿಕೊಳ್ಳುತ್ತದೆ; ತೋಟದ ಮನೆಯಲ್ಲಿ ಪ್ರತಿ ಫೋನಿಗೂ ಬೇರೆ ಬೇರೆ ರೀಚಾರ್ಜು, ಪ್ರತಿಯೊಂದಕ್ಕೂ ದಿನದ ಮಿತಿ. ಸಂಜೆಯಾದೊಡನೆ ಊರಿನವರೆಲ್ಲ ಒಂದೇ ಟವರನ್ನು ಅವಲಂಬಿಸಿ ವೇಗ ಕುಸಿಯುತ್ತದೆ; ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಬರಿದಾದರೆ ಎಲ್ಲವೂ ಮೌನ. ಹೀಗೆ ಬಡ ಸಂಪರ್ಕಕ್ಕೆ ಹಳ್ಳಿಯ ಸಂಸಾರ ಪಟ್ಟಣದ್ದಕ್ಕಿಂತ ಹೆಚ್ಚಿನ ಬೆಲೆ ತೆರುವ ಸಂದರ್ಭ ಒದಗುತ್ತದೆ.

ಈ ಬೆಲೆ ಹಣದ್ದು ಮಾತ್ರವಲ್ಲವೆಂಬುದನ್ನು ೨೦೨೦ನೆಯ ವರ್ಷ ತೋರಿಸಿಕೊಟ್ಟಿತು. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಟ್ಟಣದ ಮಕ್ಕಳ ತರಗತಿ ಪರದೆಗೆ ಬಂದಿತು. ಸಂಪರ್ಕವಿಲ್ಲದ ಮಕ್ಕಳಿಗಾಗಿ ಸರ್ಕಾರವು ವಿದ್ಯಾಗಮ ಯೋಜನೆಯನ್ನು ಹೂಡಿ ಉಪಾಧ್ಯಾಯರನ್ನೇ ಊರೂರಿಗೆ ಕಳುಹಿಸಿತು. ಸೋಂಕಿನ ಭಯದಿಂದ ಅದೇ ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ದಿನಗಳಲ್ಲಿಯೇ ಬೆಂಗಳೂರಿನ ಕಚೇರಿಗಳ ಅನೇಕ ತರುಣರು ಹುಟ್ಟೂರಿಗೆ ಮರಳಿ, ಅಮ್ಮನ ಕೈಯ ಮುದ್ದೆ ಉಣ್ಣುತ್ತ ಅಟ್ಟದ ಮೇಲೆ ಕುಳಿತು ಕೆಲಸ ಮಾಡಿದರು. ಎಷ್ಟೋ ವರ್ಷಗಳ ಮೇಲೆ ಮನೆಗಳಲ್ಲಿ ಮಕ್ಕಳ ಸದ್ದು ಕೇಳಿಸಿತು. ತಂತಿಯೊಂದು ಗಟ್ಟಿಯಾಗಿದ್ದಿದ್ದರೆ ಅವರಲ್ಲಿ ಕೆಲವರಾದರೂ ವರ್ಷದ ಕೆಲವು ತಿಂಗಳು ಊರಿನಲ್ಲಿಯೇ ಇರಬಹುದಾಗಿತ್ತು. ಕರೆಯ ನಡುವೆ ಧ್ವನಿ ತುಂಡಾಗುವುದನ್ನು ಸಹಿಸದೆ ಅವಧಿಗೆ ಮುನ್ನವೇ ಗಂಟುಮೂಟೆ ಕಟ್ಟಿದವರೂ ಉಂಟು. ಬಸ್ಸು ಕಣ್ಮರೆಯಾಗುವವರೆಗೆ ನಿಂತು ನೋಡಿದ ತಾಯಂದಿರಿಗೆ ಮೆಗಾಬಿಟ್ಟೆಂದರೇನೆಂದು ಗೊತ್ತಿರಲಿಲ್ಲ. ಮಗ ಹೋದನೆಂಬುದು ಗೊತ್ತಿತ್ತು.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ೨೦೧೧ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿಯನ್ನು ಒಯ್ಯುವ ಯೋಜನೆಗೆ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಒಂದು ಲಕ್ಷ ಪಂಚಾಯಿತಿಗಳ ಘಟ್ಟ ಮುಗಿದುದು ೨೦೧೭ರ ಡಿಸೆಂಬರಿನಲ್ಲಿ. ತಾಲ್ಲೂಕಿನಿಂದ ಹೊರಟ ತಂತಿ ಪಂಚಾಯಿತಿ ಕಚೇರಿಗೆ ಬಂದರೂ ಮನೆಗಳಿಗೆ ಹೋಗುವ ಕವಲು ಬಹುಕಾಲ ಹಿಂದೆ ಬಿದ್ದಿತು. ಅಲ್ಲದೆ ತಂತಿಯನ್ನು ಒಂದೇ ಸಾಲಾಗಿ ಎಳೆದಿದ್ದರಿಂದ ರಸ್ತೆ ಅಗೆಯುವ ಯಂತ್ರ ಒಂದು ಕಡೆ ಕತ್ತರಿಸಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲಾಗುತ್ತಿದ್ದವು. ೨೦೨೩ರ ಆಗಸ್ಟಿನಲ್ಲಿ ಮಂಜೂರಾದ ೧,೩೯,೫೭೯ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ಸಾಲನ್ನು ಬಳೆಯಂತೆ ದುಂಡಾಗಿಸಬೇಕೆಂದು ಗೊತ್ತುಮಾಡಲಾಯಿತು. ಬಳೆಯ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬಂದೀತು. ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆಯಿದ್ದರೆ ತಂತಿ ಕೊಡುವ ಮಾತು ಅದರಲ್ಲಿದೆ. ಆ ಮಾತು ನಡೆದರೆ ಹೊಲಗಾಲುವೆ ತೋಡಿದಂತೆಯೇ ಸರಿ.

‘ಈ ಖರ್ಚನ್ನು ಪಟ್ಟಣದವರೇಕೆ ಹೊರಬೇಕು?’ ಎಂದು ಕೇಳುವವರುಂಟು. ಉತ್ತರ ಸರಳವಾಗಿದೆ: ಅವರು ಆಗಲೇ ಹೊರುತ್ತಿದ್ದಾರೆ. ೨೦೦೨ರ ಏಪ್ರಿಲಿನಿಂದ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯಾದ ವರಮಾನದಲ್ಲಿ ಶೇಕಡ ೫ರಷ್ಟನ್ನು ಹಳ್ಳಿಗಾಡಿನ ಸೇವೆಗೆಂದೇ ಮೀಸಲಾದ ನಿಧಿಗೆ ಸಲ್ಲಿಸುತ್ತ ಬಂದಿವೆ. ೨೦೨೪ರಲ್ಲಿ ಆ ನಿಧಿ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ತಳೆಯಿತು. ಬಸವನಗುಡಿಯ ಮನೆಯವರು ತೆತ್ತ ಬಿಲ್ಲಿನ ಒಂದು ಪಾಲು ಹೀಗೆ ಹೊಳಲ್ಕೆರೆಯ ತೋಟದ ಮನೆಗಾಗಿಯೇ ಎತ್ತಿಟ್ಟದ್ದು. ಆದುದರಿಂದ ಹಳ್ಳಿಯವನು ಕೇಳುತ್ತಿರುವುದು ದಾನವಲ್ಲ, ತನ್ನ ಹೆಸರಿನಲ್ಲಿ ಕೂಡಿಟ್ಟುದನ್ನು. ಆ ಹಣ ಊರಿನ ವೃತ್ತದಲ್ಲಿ ನಿಲ್ಲದೆ ತೋಟದ ಬಾಗಿಲಿನವರೆಗೆ ನಡೆಯಿತೇ ಎಂದು ಕೇಳುವ ಹಕ್ಕು ಬಿಲ್ಲು ತೆತ್ತವರಿಗೂ ಉಂಟು.

ಹೊಳಲ್ಕೆರೆಯಿಂದ ಹೊರಟ ದಾರಿ ಕೊನೆಗೆ ಚಿತ್ರದುರ್ಗವನ್ನು ಸೇರುತ್ತದೆ. ಏಳು ಸುತ್ತಿನ ಕೋಟೆಯನ್ನು ನೋಡಲು ಬಂದವರು ಓಬವ್ವನ ಕಿಂಡಿಯ ಮುಂದೆ ನಿಲ್ಲುತ್ತಾರೆ, ಬುರುಜಿನ ಮೇಲೆ ಚಿತ್ರ ತೆಗೆಸಿಕೊಳ್ಳುತ್ತಾರೆ. ನಿಧಾನವಾಗಿ ನೋಡುವವರಿಗೆ ಅಲ್ಲಿ ಇನ್ನೊಂದು ಅದ್ಭುತವಿದೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ತಂಗಿ, ಹೆಚ್ಚಾದದ್ದು ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗಿನ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಹರಿಯುವಂತೆ ಪಾಳೆಯಗಾರರ ಕಾಲದವರು ಏರ್ಪಡಿಸಿದ್ದರು. ಸದಾ ಯುದ್ಧದ ಭೀತಿಯಲ್ಲಿದ್ದ ಆ ನಾಯಕರು ನೀರನ್ನು ಅರಮನೆಯ ಹೊಂಡದಲ್ಲಿಯೇ ನಿಲ್ಲಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಸಂತೆಗೆ ಬಂದ ಜನರ ಕೊಡದವರೆಗೂ ಅದಕ್ಕೆ ದಾರಿ ಬಿಟ್ಟರು.

ಸಂಜೆ ಬೆಟ್ಟದಿಂದ ಇಳಿಯುವವರಿಗೆ ಊರಿನ ದೀಪಗಳು ಒಂದೊಂದಾಗಿ ಹೊತ್ತುವುದು ಕಾಣುತ್ತದೆ. ದೂರದ ಹೆದ್ದಾರಿಯಲ್ಲಿ ಲಾರಿಗಳ ಬೆಳಕು ಸಾಲುಗಟ್ಟಿ ಹರಿಯುತ್ತದೆ. ಅದರ ಪಕ್ಕದ ಮಣ್ಣಿನೊಳಗೆ ಕಣ್ಣಿಗೆ ಕಾಣದ ಬೆಳಕೂ ಹರಿಯುತ್ತಿರುತ್ತದೆ. ಅದರಾಚೆಯ ಹಳ್ಳಿಯೊಂದರಲ್ಲಿ, ಬಹುಶಃ ಅದೇ ಹೊತ್ತಿಗೆ, ಯಾರೋ ಒಬ್ಬ ಅಜ್ಜಿ ಫೋನಿನ ಪರದೆಯ ಮೇಲೆ ಅಲುಗಾಡದೆ ನಿಂತುಬಿಟ್ಟ ಮೊಮ್ಮಗುವಿನ ಮುಖವನ್ನು ನೋಡುತ್ತ, ಅದು ಮತ್ತೆ ನಕ್ಕೀತೆಂದು ಕಾಯುತ್ತಿರುತ್ತಾಳೆ.