ಕೆಮ್ಮಣ್ಣಿನಿಂದ ಮ್ಯಾಟಿಗೆ: ಸಿಂಧನೂರು, ಮಸ್ಕಿ, ಲಿಂಗಸುಗೂರು

ಕಾಲೇಜು ಕುಸ್ತಿಪಟುವಿನ ವರ್ಷ ಅಂತರ ಕಾಲೇಜು ಪಂದ್ಯದಿಂದ ಶುರುವಾಗುತ್ತದೆ. ಅಲ್ಲಿ ತನ್ನ ತೂಕದ ವಿಭಾಗದಲ್ಲಿ ಮೊದಲಿಗನಾದವನು ವಿಶ್ವವಿದ್ಯಾಲಯದ ತಂಡ ಸೇರುತ್ತಾನೆ. ಆ ತಂಡ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಮೊದಲ ಎಂಟು ಸ್ಥಾನಗಳೊಳಗೆ ನಿಂತವರು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಅರ್ಹರಾಗುತ್ತಾರೆ. ರಾಯಚೂರು ಜಿಲ್ಲೆಯ ಹುಡುಗರಿಗೆ ಈ ಮೂರು ಮೆಟ್ಟಿಲುಗಳಲ್ಲಿ ಯಾವುದು ಎಟುಕುತ್ತದೆ, ಯಾವುದು ಎಟುಕುವುದಿಲ್ಲ ಎಂಬುದನ್ನು ತಿಳಿಯಲು ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿನವರೆಗೆ ನಾನು ಮಾಡಿದ ಪ್ರಯಾಣದ ಕಥನ ಇದು. ಮೂರೂ ಊರುಗಳು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೇ ಇವೆ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬೆಳೆದ ಊರು. ಸುತ್ತ ಭತ್ತದ ಗದ್ದೆಗಳು, ರಸ್ತೆಯ ಇಕ್ಕೆಲದಲ್ಲಿ ರೈಸ್ ಮಿಲ್ಲುಗಳು, ಟ್ರ್ಯಾಕ್ಟರ್ ಅಂಗಡಿಗಳು. ಈ ಭಾಗದ ಎರೆ ನೆಲ ಕುಸ್ತಿಗೆ ಒಗ್ಗುವುದಿಲ್ಲ. ನೆನೆದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಹಾಗಾಗಿ ಗರಡಿಮನೆಯ ಕಣಕ್ಕೆ ಬೇರೆಡೆಯಿಂದ ಕೆಮ್ಮಣ್ಣು ತಂದು, ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಾರೆ. ಆ ಮಣ್ಣಿನಲ್ಲಿ ಡಂಡೆ, ಬೈಠಕ್ ಹೊಡೆದು ಬೆಳೆದ ಮೈ ಗಟ್ಟಿಯಾಗಿರುತ್ತದೆ, ಕುತ್ತಿಗೆ ದಪ್ಪಗಿರುತ್ತದೆ. ಈ ಸೀಮೆಯಲ್ಲಿ ದೇಹಬಲಕ್ಕೆ ಸಿಗುವ ಗೌರವ ಹಳೆಯದು. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರು ನಗರದಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ, ಗಂಡಾಳುಗಳು ಕಲ್ಲು ಎತ್ತುತ್ತಾರೆ, ಪೈಲ್ವಾನರು ಕುಸ್ತಿ ಹಿಡಿಯುತ್ತಾರೆ. ಕಸುವಿಗೆ ಇಲ್ಲಿ ಕೊರತೆಯಿಲ್ಲ.

ಕೊರತೆ ಇರುವುದು ಮ್ಯಾಟಿನ ಅಭ್ಯಾಸದಲ್ಲಿ. ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮಾತ್ರ ಗೆಲುವು. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಎದುರಾಳಿಯನ್ನು ಕೆಳಗೆ ಕೆಡವಿ ಹಿಡಿತ ಸಾಧಿಸಿದರೆ 2 ಅಂಕ, ಅವನ ಕಾಲು ವೃತ್ತದಿಂದ ಹೊರಬಿದ್ದರೆ 1 ಅಂಕ. ಫ್ರೀಸ್ಟೈಲಿನಲ್ಲಿ 10 ಅಂಕಗಳ, ಗ್ರೀಕೋ ರೋಮನ್ ಶೈಲಿಯಲ್ಲಿ 8 ಅಂಕಗಳ ಮುನ್ನಡೆ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಮಣ್ಣಿನಲ್ಲಿ ಲಂಗೋಟಿಯ ಪಟ್ಟಿಗೆ ಕೈ ಹಾಕಿ ಎತ್ತುವುದು ರೂಢಿ. ಮ್ಯಾಟಿನಲ್ಲಿ ಎದುರಾಳಿಯ ಉಡುಪು ಹಿಡಿಯುವಂತಿಲ್ಲ. ಹಿಡಿತಕ್ಕಾಗಿ ಹೊಂಚು ಹಾಕುತ್ತ ಹತ್ತು ನಿಮಿಷ ಸುತ್ತುವ ತಾಳ್ಮೆ ಜಾತ್ರೆಯಲ್ಲಿ ಚಪ್ಪಾಳೆ ತರುತ್ತದೆ, ಮ್ಯಾಟಿನಲ್ಲಿ ಅದೇ ತಾಳ್ಮೆ ನಿಷ್ಕ್ರಿಯತೆ ಎನಿಸಿಕೊಂಡು ಎಚ್ಚರಿಕೆಗೆ ಗುರಿಯಾಗುತ್ತದೆ. ಮಣ್ಣಿನ ಮಕ್ಕಳು ದೊಡ್ಡ ಪಂದ್ಯಗಳಲ್ಲಿ ಮೊದಲ ಸುತ್ತಿನಲ್ಲೇ ಸೋಲುವುದಕ್ಕೆ ಹೆಚ್ಚಿನ ಪಾಲು ಇದೇ ಕಾರಣ. ಅವರ ಬಲದ ಮೇಲೆ ಅನುಮಾನಪಡುವವರು ತಪ್ಪು ತಿಳಿದಿದ್ದಾರೆ.

ಸಿಂಧನೂರು ಬಿಟ್ಟು ವಾಯವ್ಯಕ್ಕೆ ಸಾಗಿದರೆ ಮಸ್ಕಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡನು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿದ್ದದ್ದರಿಂದ ಆ ಬಿರುದಿನ ರಾಜ ಯಾರೆಂಬ ಇತಿಹಾಸದ ದೊಡ್ಡದೊಂದು ಗಂಟು ಬಿಡಿಸಿಕೊಂಡಿತು. ತಾಲ್ಲೂಕು ಕೇಂದ್ರವಾಗಿ ಮಸ್ಕಿ ಹೊಸದು. ಇಲ್ಲಿನ ಕಾಲೇಜು ಹುಡುಗರ ಕುಸ್ತಿ ಬಹುಪಾಲು ಹಳ್ಳಿ ಜಾತ್ರೆಗಳ ಕಣದಲ್ಲೇ ನಡೆಯುತ್ತದೆ. ಗೆದ್ದವನ ಕೈಗೆ ಬೆಳ್ಳಿ ಕಡಗ, ತಲೆಗೆ ರುಮಾಲು. ಆದರೆ ಬೆಳ್ಳಿ ಕಡಗಕ್ಕೆ ವಿಶ್ವವಿದ್ಯಾಲಯದ ಆಯ್ಕೆಯಲ್ಲಿ ಲೆಕ್ಕವಿಲ್ಲ.

ಆಯ್ಕೆಯ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡಬೇಕು. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ ಈ ಮೂರೂ ಊರುಗಳ ಕಾಲೇಜುಗಳು ದಶಕಗಳ ಕಾಲ ಇದ್ದವು. ಒಂದು ತೂಕಕ್ಕೆ ವಿಶ್ವವಿದ್ಯಾಲಯದಿಂದ ಒಬ್ಬನೇ ಹೋಗಬಹುದು. ಆ ಒಂದು ಜಾಗಕ್ಕಾಗಿ ಕಲಬುರಗಿ, ಬೀದರ್ ಕಡೆಯ ಹುಡುಗರ ಜೊತೆಗೂ ಸೆಣಸಬೇಕಿತ್ತು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆ ಪ್ರತ್ಯೇಕ ರಾಯಚೂರು ವಿಶ್ವವಿದ್ಯಾಲಯ ಆದ ಮೇಲೆ ಸ್ಪರ್ಧೆ ಎರಡು ಜಿಲ್ಲೆಗಳಿಗೆ ಇಳಿಯಿತು. ಮೊದಲ ಮೆಟ್ಟಿಲು ಸುಲಭವಾಗಿದೆ. ಆದರೆ ಹೊಸ ವಿಶ್ವವಿದ್ಯಾಲಯದ ತಂಡ ಚಿಕ್ಕದು, ತರಬೇತಿ ಶಿಬಿರದಲ್ಲಿ ಸಮಬಲದ ಜೊತೆಗಾರ ಸಿಗುವುದು ಕಷ್ಟ. ಹೀಗಾಗಿ ಎರಡನೇ ಮೆಟ್ಟಿಲು ಹಿಂದಿಗಿಂತ ಎತ್ತರವಾಗಿದೆ.

ಅಂತರ ವಿಶ್ವವಿದ್ಯಾಲಯ ಕಣದಲ್ಲಿ ಹರಿಯಾಣ, ಪಂಜಾಬ್, ದೆಹಲಿ ಕಡೆಯ ಹುಡುಗರು ಚಿಕ್ಕಂದಿನಿಂದ ಮ್ಯಾಟಿನಲ್ಲಿ ಪಳಗಿದವರು. ಒಂದು ತೂಕದಲ್ಲಿ 33ರಿಂದ 64 ಮಂದಿ ಇದ್ದರೆ ಎಂಟರ ಘಟ್ಟ ಮುಟ್ಟಲು ಸಾಮಾನ್ಯವಾಗಿ ಮೂರು ಗೆಲುವು ಬೇಕು. ಮೊದಲೇ ಸೋತವನಿಗೂ ಒಂದು ದಾರಿ ಉಳಿದಿರುತ್ತದೆ. ತನ್ನನ್ನು ಸೋಲಿಸಿದವನು ಫೈನಲ್ ತಲುಪಿದರೆ ರೆಪಿಶಾಜ್ ಸುತ್ತಿನಲ್ಲಿ ಮತ್ತೆ ಆಡಿ ಕಂಚಿನವರೆಗೂ ಹೋಗಬಹುದು. ಮೂರನೇ ಮೆಟ್ಟಿಲಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಮೊದಲು ನಡೆದದ್ದು 2020ರಲ್ಲಿ ಭುವನೇಶ್ವರದಲ್ಲಿ. ಎರಡನೆಯದು 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿಗೇ ಬಂದಿತ್ತು.

ಮಸ್ಕಿಯಿಂದ ಮುಂದೆ ರಸ್ತೆ ಕಲ್ಲುಗುಡ್ಡಗಳ ನಡುವೆ ಲಿಂಗಸುಗೂರಿಗೆ ಹೋಗುತ್ತದೆ. ಹಿಂದೆ ದಂಡು ಬೀಡುಬಿಟ್ಟ ಛಾವಣಿ ಇದ್ದ, ನಿಜಾಮರ ಆಳ್ವಿಕೆಯಲ್ಲಿ ಜಿಲ್ಲಾ ಕೇಂದ್ರವೂ ಆಗಿದ್ದ ಊರು. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇದೇ ತಾಲ್ಲೂಕಿನವು. ಇಲ್ಲಿಂದ ನೋಡಿದರೆ ಕುಸ್ತಿಯ ನಕ್ಷೆ ಬದಲಾಗುತ್ತದೆ. ಪಶ್ಚಿಮಕ್ಕೆ ಬಾಗಲಕೋಟೆ ಜಿಲ್ಲೆ ಹತ್ತಿರ. ಆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಗ್ರೀಕೋ ರೋಮನ್ 55 ಕಿಲೋ ವಿಭಾಗದಲ್ಲಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು, 2022ರಲ್ಲಿ ಉಲಾನ್‌ಬಾತರಿನಲ್ಲಿ ಮತ್ತೊಂದು ಕಂಚು. ಈ ಭಾಗದ ಹುಡುಗರು ಓದಬೇಕಾದ ಪಾಠ ಅವರ ಪದಕಗಳಲ್ಲಿದೆ. ಗ್ರೀಕೋ ರೋಮನ್ ಶೈಲಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಬಳಸುವಂತಿಲ್ಲ. ತೋಳು, ಎದೆ, ಕುತ್ತಿಗೆಯ ಬಲವೇ ಬಂಡವಾಳ. ಗರಡಿ ಕೊಡುವುದು ಅದನ್ನೇ. ಮಣ್ಣಿನ ಕುಸ್ತಿ ನಿಯಮದಲ್ಲಿ ಫ್ರೀಸ್ಟೈಲಿಗೆ ಹತ್ತಿರ ಎಂದು ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಹಗುರ ತೂಕದ ಗ್ರೀಕೋ ರೋಮನ್ ವಿಭಾಗವೇ ಈ ಸೀಮೆಯ ಹುಡುಗರಿಗೆ ಎಂಟರೊಳಗೆ ಬರುವ ಹತ್ತಿರದ ದಾರಿ ಎಂಬುದು ಈ ಪ್ರಯಾಣದಲ್ಲಿ ನನಗೆ ಖಚಿತವಾದ ಅಭಿಪ್ರಾಯ.

ಹುಡುಗಿಯರ ಲೆಕ್ಕ ಬೇರೆ. ಇಲ್ಲಿಯ ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವುದರಿಂದ ಆಯ್ಕೆಯೂ ಅಲ್ಲಿಯೇ. ಹಳಿಯಾಳದಲ್ಲಿ ಹೆಣ್ಣುಮಕ್ಕಳು ಕಣಕ್ಕಿಳಿದು ಹೆಸರು ಮಾಡಿದ್ದಾರೆ. ರಾಯಚೂರು ಸೀಮೆಯ ಗರಡಿಗಳು ಇಲ್ಲಿಯ ಹುಡುಗಿಯರಿಗೆ ಬಾಗಿಲು ತೆರೆಯುವುದು ಇನ್ನೂ ಆಗಬೇಕಿದೆ.

2024ರ ಮಾರ್ಚಿನಲ್ಲಿ ಸಿಂಧನೂರಿಗೆ ರೈಲು ಬಂದು ಹುಬ್ಬಳ್ಳಿಯ ಸಂಪರ್ಕ ಸಿಕ್ಕಿದೆ. ಧಾರವಾಡದ ಕಡೆ ಮ್ಯಾಟಿನ ತರಬೇತಿಗೆ ಹೋಗುವ ಹುಡುಗನಿಗೆ ಇದು ದೊಡ್ಡ ಅನುಕೂಲ. ಆದರೂ ದಿನನಿತ್ಯದ ಅಭ್ಯಾಸ ಊರಲ್ಲೇ ಆಗಬೇಕು. 12 ಮೀಟರ್ ಉದ್ದ, 12 ಮೀಟರ್ ಅಗಲದ ಒಂದು ಮ್ಯಾಟ್, ಅದರ ಮೇಲೊಂದು ಮಾಡು, ವಾರಕ್ಕೆರಡು ದಿನ ಬರುವ ಗ್ರೀಕೋ ರೋಮನ್ ತರಬೇತುದಾರ: ಮೂರು ತಾಲ್ಲೂಕುಗಳಿಗೆ ನಡುವೆ ಇರುವ ಮಸ್ಕಿಯಲ್ಲಿ ಇಷ್ಟನ್ನು ಒದಗಿಸುವಂತೆ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೂ ಊರಿನ ಹಿರಿಯರೂ ಒಟ್ಟಾಗಿ ಕೇಳಬೇಕು. ಮುಂದಿನ ಅಂತರ ಕಾಲೇಜು ಪಂದ್ಯಕ್ಕೆ ಹೆಸರು ಕಳಿಸುವಾಗ ಗ್ರೀಕೋ ರೋಮನ್ ಪಟ್ಟಿಯನ್ನು ಖಾಲಿ ಬಿಡಬಾರದು.