ಐದನೆಯದು, ಏಳನೆಯದು

ಜನವರಿ 8, ಬೆಳಗಾವಿ

ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಪಾಸಿಟರ್‌ಗಳು ಮತ್ತೆ ಉಬ್ಬಿವೆ. "ಮೇಡಂ, ಹೋದ ಮಳಿಗಾಲದಾಗ ಹೊಸಾವು ಹಾಕೇವ್ರಿ. ಮಾಲ್ ಖರಾಬ್ ಐತೇನ್ರಿ?" ಎಂದರು ಎಲೆಕ್ಟ್ರಿಷಿಯನ್. ಮಾಲು ಸರಿಯಾಗಿಯೇ ಇದೆ. ಇಂಡಕ್ಷನ್ ಫರ್ನೇಸ್ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆರು ಥೈರಿಸ್ಟರ್‌ಗಳ ಆ ಘಟ್ಟದಲ್ಲೇ ಕರೆಂಟಿನ ಅಲೆ ಕೆಡುತ್ತದೆ. 50 ಹರ್ಟ್ಸ್ ಜೊತೆಗೆ 250, 350, 550, 650 ಹುಟ್ಟಿಕೊಳ್ಳುತ್ತವೆ. ಲೆಕ್ಕದಲ್ಲಿ ಐದನೆಯ ಹಾರ್ಮೋನಿಕ್ ಮೂಲ ಕರೆಂಟಿನ 20%, ಏಳನೆಯದು 14%.

ಅನಲೈಸರ್ ಕಟ್ಟಿ ಬಂದೆ. ರಾತ್ರಿ ಪಾಳಿಯ ಎರಕವೂ ಅದರಲ್ಲಿ ದಾಖಲಾಗಲಿ.

ಜನವರಿ 10

ಫರ್ನೇಸ್ ಕಡಿಮೆ ಪವರ್‌ನಲ್ಲಿದ್ದಾಗಲೇ ಏಳನೆಯದು ಎದ್ದು ನಿಲ್ಲುತ್ತಿದೆ. ಆಗ ಪವರ್ ಫ್ಯಾಕ್ಟರ್ ಕುಸಿಯುತ್ತದೆ, ಪ್ಯಾನೆಲ್ ತಾನಾಗಿ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 1000 ಕೆವಿಎ, ಇಂಪಿಡೆನ್ಸ್ 5%. ಅಂದರೆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 20,000 ಕೆವಿಎ. ಅದನ್ನು ಸೇರಿಕೊಂಡ ಕೆಪಾಸಿಟರ್‌ಗಳ 400 ಕೆವಿಎಆರ್‌ನಿಂದ ಭಾಗಿಸಿದರೆ 50, ಅದರ ವರ್ಗಮೂಲ ಏಳು ಚಿಲ್ಲರೆ. ಬಿಲ್ಲಿನ ದಂಡ ತಪ್ಪಿಸಲು ತಂದ ಕೆಪಾಸಿಟರ್ ಟ್ರಾನ್ಸ್‌ಫಾರ್ಮರ್ ಜೊತೆ ಸೇರಿ ಏಳನೆಯದಕ್ಕೇ ಅನುರಣಿಸುತ್ತಿದೆ. ಈ ಗುಣಾಕಾರ ಭಾಗಾಕಾರವನ್ನು ಕೆಪಾಸಿಟರ್ ಮಾರುವವರು ಖರೀದಿಗೆ ಮೊದಲೇ ಮಾಡಿ ತೋರಿಸಬೇಕು. ಮಾಡದಿರುವುದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ.

ಜನವರಿ 13

ಮಾಲಕರ ಜೊತೆ ಕೂತೆ. "ಎಲ್ಲಾಕಿಂತ ಸಸ್ತಾ ಯಾವ್ದು ಹೇಳ್ರಿ" ಎಂದರು.

ಸಸ್ತಾ ಎಂದರೆ 7% ರಿಯಾಕ್ಟರ್. ಕೆಪಾಸಿಟರ್ ಜೊತೆ ಸರಣಿಯಲ್ಲಿ ಕೂರಿಸಿದರೆ ಅನುರಣನ 189 ಹರ್ಟ್ಸ್‌ಗೆ ಇಳಿಯುತ್ತದೆ, 250ರ ತಂಟೆಗೆ ಹೋಗುವುದಿಲ್ಲ. ಕೆಪಾಸಿಟರ್ ಉಳಿಯುತ್ತದೆ, ಹೊಲಸು ಮಾತ್ರ ಬಹುಪಾಲು ಲೈನಿಗೇ ಹೋಗುತ್ತದೆ. ರಿಯಾಕ್ಟರ್ ಬಂದರೆ ಕೆಪಾಸಿಟರ್ ಮೇಲಿನ ವೋಲ್ಟೇಜ್ 7.5% ಏರುವುದರಿಂದ ಹಳೆಯ 440 ವೋಲ್ಟಿನವನ್ನು ಮತ್ತೆ ಬಳಸುವಂತಿಲ್ಲ.

250ರ ಹತ್ತಿರಕ್ಕೆ ಟ್ಯೂನ್ ಮಾಡಿದ ಪ್ಯಾಸಿವ್ ಫಿಲ್ಟರ್ ಐದನೆಯದನ್ನು ಹೀರುತ್ತದೆ. ಆದರೆ ಇದೇ ಫೀಡರ್ ಮೇಲೆ ಇನ್ನೂ ಫರ್ನೇಸ್‌ಗಳಿವೆ. ಊರಿನ ಕೊಳೆಯೆಲ್ಲ ತಗ್ಗಿನ ಮನೆಗೇ ಹರಿದುಬರುವಂತೆ, ಅವರ ಐದನೆಯದೂ ಇಲ್ಲಿಗೇ ಬಂದು ಫಿಲ್ಟರನ್ನು ಬಿಸಿಮಾಡುತ್ತದೆ. ಆ್ಯಕ್ಟಿವ್ ಫಿಲ್ಟರ್ ಬೇರೆ ಜಾತಿ. ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಮೂಲಕ ಕರೆಂಟನ್ನು ಓದಿ, ಕೆಟ್ಟ ಭಾಗಕ್ಕೆ ಸರಿಯಾಗಿ ವಿರುದ್ಧವಾದ ಕರೆಂಟನ್ನು ಐಜಿಬಿಟಿ ಸ್ವಿಚ್‌ಗಳಿಂದ ಸೇರಿಸುತ್ತದೆ. ಭಾರ ಹೆಚ್ಚಾದರೆ ತನ್ನ ಮಿತಿಗೆ ನಿಲ್ಲುತ್ತದೆ. ದುಬಾರಿ.

ನಾನು ಎರಡನ್ನೂ ಬರೆದುಕೊಟ್ಟೆ: ಕೆಪಾಸಿಟರ್‌ಗಳಿಗೆ ರಿಯಾಕ್ಟರ್, ಫರ್ನೇಸ್‌ಗೆ ಆ್ಯಕ್ಟಿವ್. ಎರಡನೆಯ ಫರ್ನೇಸ್ ತರುವುದಾದರೆ 12 ಪಲ್ಸ್‌ನದೇ ಇರಲಿ ಎಂದೂ ಸೇರಿಸಿದೆ. 30 ಡಿಗ್ರಿ ಅಂತರದ ಎರಡು ವೈಂಡಿಂಗ್‌ಗಳಲ್ಲಿ ಒಂದರ ಐದು, ಏಳನ್ನು ಇನ್ನೊಂದರ ಐದು, ಏಳು ಬಹುಮಟ್ಟಿಗೆ ಅಳಿಸುತ್ತವೆ. ಹುಟ್ಟುವ ಕಡೆಯೇ ತಡೆಯುವುದಕ್ಕಿಂತ ಒಳ್ಳೆಯ ಫಿಲ್ಟರ್ ಇಲ್ಲ.

ಮಾರ್ಚ್ 4

ಆ್ಯಕ್ಟಿವ್ ಫಿಲ್ಟರ್ ಓಡುತ್ತಿದೆ. ಐದು, ಏಳು ಎರಡೂ ತಗ್ಗಿವೆ, ಕೆಪಾಸಿಟರ್ ಮುಟ್ಟಿದರೆ ಬೆಚ್ಚಗಷ್ಟೇ. ಲೋಹ ಕರಗುತ್ತ ಫರ್ನೇಸಿನ ಇನ್ವರ್ಟರ್ ಫ್ರೀಕ್ವೆನ್ಸಿ ಬದಲಾದಾಗ 50ರ ಗುಣಕವಲ್ಲದ ಕೆಲವು ಗೆರೆಗಳು ಮಾತ್ರ ಪರದೆಯ ಮೇಲೆ ಅತ್ತಿತ್ತ ಸರಿಯುತ್ತಿವೆ. ಅವನ್ನು ಹತ್ತಿಕ್ಕಲು ಈ ಫಿಲ್ಟರ್‌ಗೆ ಆಗುತ್ತಿಲ್ಲ.

11 ಕೆವಿ ಕಡೆಯ ವೋಲ್ಟೇಜ್ ಇನ್ನೂ ನನಗೆ ಬೇಕಾದಷ್ಟು ಶುದ್ಧವಾಗಿಲ್ಲ. ಐಇಇಇ 519 ಮಾನದಂಡ ಅಲ್ಲಿ ವೋಲ್ಟೇಜಿನ ಒಟ್ಟು ಹಾರ್ಮೋನಿಕ್ ವಿರೂಪ 5% ದಾಟಬಾರದು ಎನ್ನುತ್ತದೆ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಪಕ್ಕದ ಫೌಂಡ್ರಿಯಲ್ಲೂ ಅನಲೈಸರ್ ಕಟ್ಟಲು ಒಪ್ಪಿಗೆ ಕೇಳಬೇಕು. "ನಾನs ಅವರಿಗೆ ಹೇಳ್ತೇನ್ರಿ" ಎಂದಿದ್ದಾರೆ ಮಾಲಕರು.